ನಾಲ್ಕೂವರೆ ಗಾಡಿಗೆ ಸಿಗುವ ವಿಷಯ

ಬೇವೂರಿನಲ್ಲಿ ಬಸ್ಸಿನ ವೇಳೆ ನೋಡದೆ ಯಾರೂ ಏನನ್ನೂ ಗೊತ್ತು ಮಾಡುವುದಿಲ್ಲ. ಹೆಣ್ಣು ನೋಡಲು ಬರುವ ಬೀಗರಿಗೆ ಉಪ್ಪಿಟ್ಟು ಸಾಕೋ ಊಟವೇ ಮಾಡಿಸಬೇಕೋ ಎನ್ನುವುದು ಅವರು ಯಾವ ಗಾಡಿಗೆ ಇಳಿಯುತ್ತಾರೆ ಎನ್ನುವುದರ ಮೇಲೆ ಇರುತ್ತದೆ. ಹಲ್ಲು ನೋವನ್ನು ತಡೆದುಕೊಳ್ಳಬೇಕೋ ಬಾಗಲಕೋಟೆಗೆ ಹೋಗಬೇಕೋ ಎನ್ನುವುದೂ ಹಾಗೆಯೇ. ನಾನು ಖಾಸಿಂಸಾಬ, ಇಳಕಲ್ಲಿನವನು. ಆ ದಾರಿಯಲ್ಲಿ ಹನ್ನೊಂದು ವರ್ಷ ಕಂಡಕ್ಟರ್ ಆಗಿದ್ದೇನೆ. ಓದಿದ್ದು ಹತ್ತನೆಯ ತರಗತಿ. ಆದರೂ ಜನ ನನ್ನನ್ನು ವೇಳೆ ಕೇಳುತ್ತಿದ್ದರು, ವೇಳೆಯ ಜೊತೆಗೆ ಸಲಹೆಯನ್ನೂ ಕೇಳುತ್ತಿದ್ದರು. ಸಲಹೆ ಕೊಡುವುದು ನನಗೂ ಹಿಡಿಸುತ್ತಿತ್ತು.

ನಮ್ಮ ಗಾಡಿ ಸಂಜೆ ನಾಲ್ಕೂವರೆಗೆ ಬಾಗಲಕೋಟೆ ಬಿಟ್ಟು ಐದೂ ಇಪ್ಪತ್ತಕ್ಕೆ ಬೇವೂರು ಮುಟ್ಟುತ್ತಿತ್ತು. ತಿರುಗಿ ಹೋಗಿ, ಏಳಕ್ಕೆ ಮತ್ತೆ ಹೊರಟು, ಎಂಟರ ಸುಮಾರಿಗೆ ಊರಿಗೆ ಬಂದು ಬೆಳಗಿನವರೆಗೆ ಅಲ್ಲೇ ನಿಲ್ಲುತ್ತಿತ್ತು. ಈ ಕೊನೆಯದಕ್ಕೆ ವಸ್ತಿ ಗಾಡಿ ಎನ್ನುತ್ತಾರೆ. ವಸ್ತಿ ಇದ್ದ ದಿನ ನಾನೂ ಡ್ರೈವರ್ ಅರ್ಜುವೂ ಪಂಚಾಯಿತಿಯ ಪಡಸಾಲೆಯಲ್ಲಿ ಮಲಗುತ್ತಿದ್ದೆವು. ರೊಟ್ಟಿ ಮಾತ್ರ ಗುರುಲಿಂಗವ್ವನ ಮನೆಯಿಂದ ಬರುತ್ತಿತ್ತು. ನಾವು ಕೇಳಿದ್ದಲ್ಲ. “ವಸ್ತಿ ಗಾಡಿಯವರು ಉಪಾಸ ಮಲಗಿದ್ರ ಊರಿಗೆ ಚಲೋ ಅಲ್ಲ” ಎಂದು ಆ ಮುದುಕಿ ಮೊದಲ ವಾರವೇ ಹೇಳಿಕಳಿಸಿದ್ದಳು. ಗಂಟು ಹಿಡಿದು ಬರುತ್ತಿದ್ದವಳು ಅವಳ ಮೊಮ್ಮಗಳು ನೇತ್ರಾ.

ನೇತ್ರಾ ಒಂಬತ್ತನೆಯ ತರಗತಿಯಲ್ಲಿದ್ದಾಗ ಅವರ ಎಮ್ಮೆ ಈಯಲಾರದೆ ಒದ್ದಾಡಿತು. ಕರುವಿನ ಕಾಲು ಒಳಗೆ ಮಡಚಿಕೊಂಡಿತ್ತು. ದನದ ಡಾಕ್ಟರು ಕಮತಗಿಯಿಂದ ಬೈಕಿನ ಮೇಲೆ ಬರುವಷ್ಟರಲ್ಲಿ ಹುಡುಗಿ ಬಿಸಿನೀರು ಕಾಯಿಸಿ, ಸಾಬೂನು ತಂದಿಟ್ಟು, ಎಮ್ಮೆ ಮಲಗದಂತೆ ಹಿಡಿದು ನಿಂತಿದ್ದಳಂತೆ. ಡಾಕ್ಟರು ಒಳಗೆ ಕೈ ಹಾಕಿ ಕಾಲು ತಿರುಗಿಸುವಾಗ ಊರ ಗಂಡಸರೆಲ್ಲ ಮುಖ ಆಚೆ ಮಾಡಿದರು, ಇವಳು ದೀಪ ಹಿಡಿದುಕೊಂಡು ನೋಡುತ್ತಲೇ ಇದ್ದಳು. ಕರು ಉಳಿಯಿತು. ಅಂದಿನಿಂದ ಅವಳಿಗೆ ಒಂದೇ ಮಾತು, ದನದ ಡಾಕ್ಟರ್ ಆಗಬೇಕು.

“ಡಾಕ್ಟರಬಾಯಿ, ನನ್ನ ಮೊಣಕಾಲ ನೋಡವಾ, ಕ್ಲಚ್ ತುಳುದು ತುಳುದು ಹೋಗೇತಿ” ಎಂದು ಅರ್ಜು ಕಾಡಿಸುತ್ತಿದ್ದ.

“ನಾಕ ಕಾಲಿನವರಿಗಷ್ಟ ನೋಡ್ತೇನ್ರಿ ಕಾಕಾ. ಇನ್ನೆರಡು ಎಲ್ಲ್ಯರ ಹುಡುಕಿ ತರ್ರಿ.”

ಹತ್ತನೆಯ ತರಗತಿಯಲ್ಲಿ ಅವಳಿಗೆ ನೂರಕ್ಕೆ ತೊಂಬತ್ತೆರಡು ಬಂತು. ಜೂನಿನ ಮೊದಲ ವಾರ. ಐದೂ ಇಪ್ಪತ್ತರ ಗಾಡಿ ನಿಂತು ಜನ ಇಳಿಯುತ್ತಿದ್ದಾಗ ಅವಳ ಅಪ್ಪ ವಿಜಯಮಹಾಂತೇಶ ಬೇವಿನ ಕಟ್ಟೆಯ ಬಳಿ ಕಾಯುತ್ತಿದ್ದ. ಹಿಂದೆ ಗುರುಲಿಂಗವ್ವ, ಅವಳ ಹಿಂದೆ ನೇತ್ರಾ. ಮನೆಯೇ ಎದ್ದು ಬಂದ ಹಾಗಿತ್ತು.

“ಖಾಸಿಂಸಾಬ್ರ, ಒಂದ್ ಮಾತು. ಬಾಗಲಕೋಟಿ ಕಾಲೇಜಿನಾಗ ಸೈನ್ಸ್ ಓದೂ ಹುಡುಗ್ರು ಯಾವ ಗಾಡಿಗಿ ತಿರುಗಿ ಬರ್ತಾರ?”

ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. “ಎರಡ ಥರಾ ಐತಿ ಮಾಂತೇಶಣ್ಣ. ಕಂಪ್ಯೂಟರ್ ತಗೊಂಡವರಿಗಿ ನಾಕ ಗಂಟೇಕ್ಕ ಮುಗೀತೈತಿ. ಅವರು ನಾಲ್ಕೂವರಿ ಗಾಡಿಗಿ ಸಿಗ್ತಾರ. ಬಯಾಲಜಿದವರಿಗಿ ವಾರದಾಗ ಎರಡ ದಿನ ಐದೂವರಿತನಕ ಪ್ರ್ಯಾಕ್ಟಿಕಲ್. ಅವರು ವಸ್ತಿ ಗಾಡಿಗಿ. ಕೈ ಔಷಧದ ವಾಸನಿ ಹೊಡೀತಿರ್ತಾವ, ನೋಡದ ಹೇಳ್ತೇನಿ ನಾ.”

“ಅಂದ್ರ ಎಂಟ ಗಂಟೇಕ್ಕ ಮನಿ.”

“ಎರಡ ದಿನ ಅಷ್ಟ ಅಪ್ಪಾ” ಎಂದಳು ನೇತ್ರಾ.

ಗುರುಲಿಂಗವ್ವ ಸೆರಗು ಸರಿಮಾಡಿಕೊಂಡಳು. “ಎರಡ ದಿನಾ ಆದ್ರೂ ಕತ್ತಲಿ ಕತ್ತಲೀನ. ವಯಸ್ಸಿಗಿ ಬಂದ ಹುಡುಗಿ ಕತ್ತಲ್ಯಾಗ ಇಳಿದ್ರ, ಮಂದಿ ಏಳ ದಿನಾನೂ ಮಾತಾಡ್ತಾರ.”

“ಅದಕ್ಕ ನಾ ಹೇಳೂದು” ಎಂದ ಮಹಾಂತೇಶ. “ಇಲ್ಲೇ ಊರಾಗ ಆರ್ಟ್ಸ್ ಐತಿ. ನಡಕೊಂಡ ಹೋಗಿ ನಡಕೊಂಡ ಬರ್ಲಿ. ಎಮ್ಮಿ ಈಯಸಾಕ ಬಾಗಲಕೋಟಿಗಿ ಹೋಗಬೇಕೇನ? ನಮ್ಮವ್ವ ಯಾವ ಕಾಲೇಜಿಗಿ ಹೋಗಿದ್ಲು?”

ಅವನು ಕೆಟ್ಟವನಲ್ಲ. ಮಗಳ ಅಂಕಪಟ್ಟಿಯ ಝೆರಾಕ್ಸ್ ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದ, ಕೇಳದವರಿಗೂ ತೋರಿಸುತ್ತಿದ್ದ. ಆದರೆ ಊರಿನ ಮಾತಿಗೆ ಹೆದರುತ್ತಿದ್ದ. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಆರ್ಟ್ಸ್ ಎಂದೇ ಗಟ್ಟಿಯಾಗುತ್ತಿತ್ತು. ಹುಡುಗಿ ನೆಲ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

“ಹಿಂಗ್ ಮಾಡ್ರಿ ಮಾಂತೇಶಣ್ಣ. ಸೈನ್ಸ್ ತಪ್ಪಸಬ್ಯಾಡ್ರಿ. ಕಂಪ್ಯೂಟರ್ ಹಾಕ್ರಿ. ನಾಲ್ಕೂವರಿ ಗಾಡಿ ಸಿಗ್ತೈತಿ, ಬೆಳಕ ಇರೂದರಾಗ ಮನಿ. ಮೊದ್ಲ ಗಾಡಿ ಹತ್ತಲಿ, ಸೀಟು ಆಮ್ಯಾಲ ಹಿಡಕೊಂಡ್ರಾತು.”

ಈ ಮಾತನ್ನು ನಾನು ಸಾವಿರ ಸಲ ಹೇಳಿದ್ದೇನೆ. ಹುನಗುಂದದ ಸಂತೆಯ ದಿನ ಬಾಗಿಲಲ್ಲಿ ನಿಂತು ಅನುಮಾನಿಸುವವರಿಗೆ, ಬಾದಾಮಿ ದಾರಿಯಲ್ಲಿ ಮಗು ಎತ್ತಿಕೊಂಡು ಹಿಂಜರಿಯುವ ಹೆಣ್ಣುಮಕ್ಕಳಿಗೆ. ಒಂದು ಸಲವೂ ಸುಳ್ಳಾಗಿರಲಿಲ್ಲ. ಮೆಟ್ಟಿಲಿಗೆ ಕಾಲಿಟ್ಟವನಿಗೆ ಎರಡು ಸ್ಟಾಪು ಕಳೆಯುವುದರೊಳಗೆ ಸೀಟು ಸಿಕ್ಕೇ ಸಿಗುತ್ತದೆ.

ನೇತ್ರಾ ತಲೆಯೆತ್ತಿದಳು. “ಕಾಕಾ, ಅದರಾಗ ಬಯಾಲಜಿ ಇರಂಗಿಲ್ಲ.”

“ಸೈನ್ಸ್ ಸೈನ್ಸ ಅಲ್ಲೇನವಾ? ಒಂದ ಗಾಡಿ. ಮುಂದಿಂದು ಮುಂದ ನೋಡೂನು.”

ಅವಳು ಅಪ್ಪನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಆಮೇಲೆ ನನ್ನನ್ನು. ಹೂಂ ಎಂದಳು. ಮಹಾಂತೇಶನಿಗೆ ತಲೆಯ ಮೇಲಿನ ಚೀಲ ಇಳಿಸಿದ ಹಾಗಾಯಿತು. ಅಂದು ನಮ್ಮ ರೊಟ್ಟಿಯ ಗಂಟಿನಲ್ಲಿ ಶೇಂಗಾ ಹೋಳಿಗೆಯೂ ಇತ್ತು.

ಮೊದಲ ವರ್ಷ ಅವಳು ನಾಲ್ಕೂವರೆ ಗಾಡಿಗೆ ತಪ್ಪದೆ ಬಂದಳು. ಹೆಣ್ಣುಮಕ್ಕಳಿಗೆ ಪ್ರಯಾಣ ಪುಕ್ಕಟೆ, ಆದರೂ ಸೊನ್ನೆಯ ಟಿಕೆಟ್ ಹರಿದು ಕೊಡಬೇಕು. ಆ ಚೀಟಿಯನ್ನು ಅವಳು ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಳ್ಳುತ್ತಿದ್ದಳು. ಡ್ರೈವರ್ ಹಿಂದಿನ ಕಿಟಕಿ ಸೀಟು ಅವಳದು. ನನ್ನ ಸರದಿಯ ದಿನ ನಾನು ನನ್ನ ಚೀಲ ಇಟ್ಟು ಹಿಡಿದಿರುತ್ತಿದ್ದೆ.

ಒಂದು ದಿನ ನೋಡುತ್ತೇನೆ, ತೊಡೆಯ ಮೇಲಿನ ನೋಟುಬುಕ್ಕಿನಲ್ಲಿ ಹೃದಯದ ಚಿತ್ರ, ಬಣ್ಣ ಹಾಕಿದ್ದು.

“ಇದೇನ್ ಎಮ್ಮಿದೇನ?” ಎಂದು ಅರ್ಜು ಕನ್ನಡಿಯಲ್ಲಿ ನೋಡಿ ಕೇಳಿದ.

“ಕಪ್ಪಿದು ಕಾಕಾ. ಮೂರ ಕೋಣಿ ಇರ್ತಾವ.”

“ಲೇ ಖಾಸಿಂ, ಕಪ್ಪಿಗಿ ನನ್ನ ಮನೀಗಿಂತ ಒಂದ ಕೋಣಿ ಹೆಚ್ಚಿಗಿ ಐತಲ್ಲಲೇ!”

ಕಪ್ಪೆಯ ಮಾತಿಗೆ ಬಸ್ಸೆಲ್ಲ ನಕ್ಕಿತು. ಆಮೇಲೆ ಅವಳು ನನಗೆ ಸಣ್ಣ ದನಿಯಲ್ಲಿ ಹೇಳಿದಳು. ಬಯಾಲಜಿ ಓದುವ ಶುಭದಾ ಎಂಬ ಗೆಳತಿ ಬಾಗಲಕೋಟೆಯವಳು. ಅವಳ ನೋಟುಬುಕ್ಕು ಶನಿವಾರ ತಂದು ಸೋಮವಾರ ಕೊಡುತ್ತಾಳೆ. ದನದ ಡಾಕ್ಟರಿಕೆ ಓದಲು ಸಿಇಟಿ ಪರೀಕ್ಷೆ ಇರುತ್ತದೆ, ಅದರಲ್ಲಿ ಬಯಾಲಜಿಗೆ ಬೇರೆಯೇ ಪೇಪರ್ ಇದೆ. “ಆ ಪೇಪರ್ ನಾ ಓದಿ ಬರೀತೇನ್ರಿ ಕಾಕಾ. ಕಾಲೇಜಿನಾಗ ಇಲ್ಲಂದ್ರೇನಾತು.”

“ನಾ ಹೇಳಲಿಲ್ಲೇನ, ಸೀಟು ಆಮ್ಯಾಲ ಸಿಗ್ತೈತಿ ಅಂತ?” ಎಂದೆ. ಅಂದು ಎದೆಯುಬ್ಬಿಸಿಕೊಂಡು ಟಿಕೆಟ್ ಹರಿದೆ.

ಅವಳು ಎರಡನೆಯ ವರ್ಷಕ್ಕೆ ಬಂದ ಜೂನಿನಲ್ಲಿ ಡಿಪೋದಲ್ಲಿ ಹೊಸ ವೇಳಾಪಟ್ಟಿ ಅಂಟಿಸಿದರು. ಬೇರೆ ದಾರಿಗಳಲ್ಲಿ ಜನ ಬಾಗಿಲಿಗೆ ಜೋತುಬೀಳುತ್ತಿದ್ದರು, ಗಾಡಿಗಳು ಕಡಿಮೆ. ನಮ್ಮ ನಾಲ್ಕೂವರೆ ಸುತ್ತನ್ನು ತೆಗೆದಿದ್ದರು. ಉಳಿದದ್ದು ಏಳರ ವಸ್ತಿ ಗಾಡಿ ಒಂದೇ. ನಾನು ಆ ಹಾಳೆಯ ಮುಂದೆ ನಿಂತು ಎರಡು ಸಲ ಓದಿದೆ. ಒಳಗೆ ಹೋಗಿ ಹೇಳಿಯೂ ಹೇಳಿದೆ, ಸಾಲಿ ಹುಡುಗರ ಗಾಡಿ ಅದು ಎಂದು. “ಅರ್ಜಿ ಕೊಡಸ್ರಿ” ಎಂದರು. ಊರಿನವರ ಸಹಿ ಹಾಕಿಸಿ ಅರ್ಜಿ ಕೊಡಿಸಿದೆ. ಅದು ಇನ್ನೂ ಅಲ್ಲೇ ಇರಬೇಕು.

ಮಹಾಂತೇಶ ಎರಡು ದಿನ ಮಗಳನ್ನು ಕಾಲೇಜಿಗೆ ಕಳಿಸಲಿಲ್ಲ. ಮೂರನೆಯ ದಿನ ನನ್ನ ಬಳಿ ಬಂದ. ಮುಖ ಇಳಿದಿತ್ತು.

“ಅರ್ಧಾ ಓದಿ ಬಿಡ್ಸಿದ್ರ ಅದೂ ನಗಿಪಾಟಲ. ನೀವು ಗಾಡ್ಯಾಗ ಇರ್ತೀರಲ್ರಿ?”

“ಒಂದ ದಿನ ಬಿಟ್ಟು ಒಂದ ದಿನ ಇರ್ತೇನಿ. ನಾ ಇಲ್ಲದ ದಿನ ಇನ್ನೊಬ್ಬ ಕಂಡಕ್ಟರಗ ಹೇಳಿ ಇಡ್ತೇನಿ.”

ಹೀಗೆ ನೇತ್ರಾ ಕತ್ತಲಲ್ಲಿ ಇಳಿಯತೊಡಗಿದಳು, ವಾರಕ್ಕೆ ಎರಡು ದಿನವಲ್ಲ, ಆರೂ ದಿನ. ಗುರುಲಿಂಗವ್ವ ಬ್ಯಾಟರಿ ಹಿಡಿದು ಬೇವಿನ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಮಳೆ ಬಂದರೆ ತಲೆಗೆ ಗೊಬ್ಬರದ ಚೀಲ. ಮೊದಲ ವಾರ ಊರ ಮಂದಿ ನೋಡಿದರು. ಎರಡನೆಯ ವಾರ ನೋಡುವುದನ್ನು ಬಿಟ್ಟರು. ಯಾರೂ ಏನೂ ಅನ್ನಲಿಲ್ಲ. ಮೂರನೆಯ ವಾರ ಇನ್ನೊಬ್ಬ ಅಜ್ಜಿ ಬಂದು ಪಕ್ಕದಲ್ಲಿ ಕೂತು ಎಲೆಯಡಿಕೆ ಹಾಕತೊಡಗಿದಳು, ಅಷ್ಟೇ.

ಕಾಲೇಜು ನಾಲ್ಕಕ್ಕೆ ಬಿಟ್ಟರೆ ಗಾಡಿ ಏಳಕ್ಕೆ. ನಡುವಿನ ಹೊತ್ತನ್ನು ಎಲ್ಲಿ ಕಳೆಯುತ್ತೀ ಎಂದು ಒಮ್ಮೆ ಕೇಳಿದೆ. “ಬಯಾಲಜಿ ಲ್ಯಾಬಿನ ಕಟ್ಟಿ ಮ್ಯಾಲ ಕೂಡ್ತೇನ್ರಿ. ಕಿಟಕ್ಯಾಗಿಂದ ಕಾಣ್ತೈತಿ ಏನ್ ಮಾಡ್ತಾರಂತ. ಸರ್ ಒಳಗ ಬಿಡಂಗಿಲ್ಲ, ನನ್ನ ಹೆಸರ ಇಲ್ಲಲ್ಲ.”

ಇದನ್ನು ಕೇಳಿದ ರಾತ್ರಿ ಪಡಸಾಲೆಯಲ್ಲಿ ಮಲಗಿ ಲೆಕ್ಕ ಹಾಕಿದೆ. ಯಾವ ಗಾಡಿಯ ಸಲುವಾಗಿ ಬಯಾಲಜಿ ಬಿಡಿಸಿದೆನೋ ಆ ಗಾಡಿಯೇ ಇಲ್ಲ. ಯಾವ ಗಾಡಿಗೆ ಹೆದರಿದೆವೋ ಅದರಲ್ಲೇ ದಿನಾ ಬರುತ್ತಿದ್ದಾಳೆ. ರಜೆಯ ದಿನ ಇಳಕಲ್ಲಿಗೆ ಹೋಗದೆ ಅವಳ ಕಾಲೇಜಿಗೆ ಹೋದೆ, ಯೂನಿಫಾರ್ಮ್ ಹಾಕಿಕೊಂಡೇ ಹೋದೆ, ಮಾತಿಗೆ ತೂಕ ಬರಲೆಂದು. ಅಲ್ಲಿಯ ಗುಮಾಸ್ತರು ಒಳ್ಳೆಯವರು, ಕುಳ್ಳಿರಿಸಿ ಮಾತಾಡಿದರು.

“ಎರಡನೇ ವರ್ಷದಾಗ ವಿಷಯ ಬದಲಿ ಮಾಡಾಕ ಬರಂಗಿಲ್ರಿ. ಮೊದಲನೇ ವರ್ಷ, ಅಡ್ಮಿಶನ್ ಆದ ಹದಿನೈದು ದಿನದಾಗ ಬಂದಿದ್ರ ಒಂದ್ ಅರ್ಜಿ ಮ್ಯಾಲ ಆಗ್ತಿತ್ತು.”

“ಒಂದ ಅರ್ಜಿ?”

“ಒಂದ ಅರ್ಜಿ. ಈಗ ಅಂದ್ರ ಮತ್ತ ಮೊದಲನೇ ವರ್ಷಕ್ಕ ಕೂಡಬೇಕು.”

ಹದಿನೈದು ದಿನ. ಆ ಹದಿನೈದು ದಿನವೂ ಅವಳು ನಮ್ಮ ಗಾಡಿಯಲ್ಲೇ ಓಡಾಡಿದ್ದಳು. ಸಿಇಟಿಯ ಮಾತನ್ನು ಮಾತ್ರ ನಾನು ಅವರಿಗೆ ಕೇಳಲಿಲ್ಲ. ಅದರಲ್ಲಿ ಅನುಮಾನವೇ ಇಲ್ಲ ಎಂದುಕೊಂಡಿದ್ದೆ.

ಚಳಿಗಾಲ ಕಳೆಯುವಾಗ ಸಿಇಟಿಗೆ ಅರ್ಜಿ ಹಾಕುವ ದಿನ ಬಂತು. ಮಹಾಂತೇಶನಿಗೆ ಕಡಲೆ ಕೀಳುವ ಗಡಿಬಿಡಿ. “ನಿಮಗ ಊರು ಗೊತ್ತೈತಿ, ನೀವ ಕರಕೊಂಡ ಹೋಗ್ರಿ” ಎಂದ. ಬಾಗಲಕೋಟೆಯ ಬಸ್‌ಸ್ಟ್ಯಾಂಡಿನ ಹಿಂದೆ ಶೈಲಾ ಎಂಬ ಹೆಣ್ಣುಮಗಳ ಆನ್‌ಲೈನ್ ಅಂಗಡಿ ಇದೆ. ನನ್ನ ಮಗನ ಕಾಗದಪತ್ರವನ್ನೂ ಅವಳೇ ಮಾಡಿಕೊಟ್ಟಿದ್ದಳು. ಹೊರಗೆ ಹತ್ತು ಹನ್ನೆರಡು ಹುಡುಗರು ನಿಂತಿದ್ದರು. ನಮ್ಮ ಪಾಳಿ ಬಂದಾಗ ಹನ್ನೆರಡು ಗಂಟೆ.

ಶೈಲಾ ಹೆಸರು ಕುಟ್ಟಿದಳು, ಊರು ಕುಟ್ಟಿದಳು. “ಯಾವ ಕೋರ್ಸಿಗಿ ತಂಗಿ? ಇಂಜಿನಿಯರಿಂಗ್ ಹೌದಲ್ಲ?”

“ಅಲ್ರಿ. ವೆಟರ್ನರಿ.”

ಕುಟ್ಟುತ್ತಿದ್ದ ಕೈ ನಿಂತಿತು. ಮೊದಲ ವರ್ಷದ ಅಂಕಪಟ್ಟಿಯನ್ನು ಮತ್ತೆ ಎತ್ತಿ ನೋಡಿದಳು. “ನಿಂದು ಕಂಪ್ಯೂಟರ್ ಐತಲ್ಲವಾ. ಬಯಾಲಜಿ ಎಲ್ಲೈತಿ?”

“ನಾನ ಓದೇನ್ರಿ. ಪೇಪರ್ ಬರೀತೇನಿ.”

“ಪೇಪರ್ ಬೇಕಾದ್ರ ಬರಿ, ಬ್ಯಾಡ ಅನ್ನಂಗಿಲ್ಲ. ಸೀಟು ಕೊಡೂಮುಂದ ಪಿಯುಸಿ ಮಾರ್ಕ್ಸ್ ಕಾರ್ಡಿನಾಗ ಬಯಾಲಜಿ ಐತೇನ ಅಂತ ನೋಡ್ತಾರ. ಇಲ್ಲಂದ್ರ ಹೆಸರ ಬರಂಗಿಲ್ಲ.”

ನಾನು ಮುಂದೆ ಬಾಗಿದೆ. “ಅಕ್ಕಾರ, ಆಕಿ ಎರಡ ವರ್ಷ ಓದ್ಯಾಳ್ರಿ. ನನ್ನ ಕಣ್ಣ ಮುಂದ ಓದ್ಯಾಳ. ಕೇಳ್ರಿ ಬೇಕಾದ್ರ. ಕಪ್ಪಿದು ಕೇಳ್ರಿ, ಆಕಳದು ಕೇಳ್ರಿ.”

ಶೈಲಾ ನಗಲಿಲ್ಲ. “ಕೇಳಾಕ ನಾ ಯಾರ್ರಿ? ನಾ ಕೇಳಿದ್ರ ಆಗಂಗಿದ್ರ ಈಗ ಕೇಳಿ ಈಗ ಸೀಟು ಕೊಡ್ತಿದ್ದೆ.” ಕಂಪ್ಯೂಟರಿನ ಪರದೆ ನಮ್ಮ ಕಡೆ ತಿರುಗಿಸಿದಳು. ನಿಯಮದ ಸಾಲುಗಳಿದ್ದವು. ನನಗೆ ಓದಲು ಬಂತು, ಓದಿದರೂ ಏನೂ ಮಾಡಲು ಬರಲಿಲ್ಲ. ಹಿಂದೆ ನಿಂತವರು “ಲಗೂ ಮಾಡ್ರಿ” ಎನ್ನುತ್ತಿದ್ದರು.

“ಬಯಾಲಜಿ ಪೇಪರಿಗಿ ಟಿಕ್ ಮಾಡ್ಲೇನ ತಂಗಿ?”

“ಮಾಡ್ರಿ” ಎಂದಳು ನೇತ್ರಾ.

ಹೊರಗೆ ಬಂದು ಕಬ್ಬಿನ ಹಾಲಿನ ಗಾಡಿಯ ಬಳಿ ನಿಂತೆವು. ಕುಡಿ ಎಂದೆ. ಕುಡಿದಳು. ಅಳಲಿಲ್ಲ. ನಾನೇ ಹೇಳಿದೆ.

“ತಪ್ಪ ನಂದವಾ. ನಾ ಅಂದು ಸುಮ್ನ ಇರಬೇಕಿತ್ತು.”

“ನೀವು ಸುಮ್ನಿದ್ರ ಆರ್ಟ್ಸ್ ಆಗ್ತಿತ್ತಲ್ರಿ ಕಾಕಾ” ಎಂದಳು. ಲೋಟ ಇಟ್ಟಳು. “ಮತ್ತ ಎರಡ ವರ್ಷ ಓದಂದ್ರ ನಾ ಓದ್ತೇನಿ. ಅಪ್ಪಗ ನೀವ ಕೇಳ್ತೀರೇನು?”

ಅಂದೇ ಸಂಜೆ ಕೇಳಿದೆ. ಮಹಾಂತೇಶ ಹಗ್ಗ ಹೊಸೆಯುತ್ತಿದ್ದ. ಪೂರ್ತಿ ಕೇಳಿಸಿಕೊಂಡ. ಬೈದರೆ ಬೈಯಲಿ ಎಂದು ಸಿದ್ಧನಾಗಿ ನಿಂತಿದ್ದೆ, ಅವನು ಬೈಯಲೂ ಇಲ್ಲ.

“ಎರಡ ವರ್ಷ ಹಿಂದಕ, ಮ್ಯಾಲ ಐದ ವರ್ಷ ಓದು. ಅಷ್ಟರಾಗ ಆಕಿ ವಯಸ್ಸೆಷ್ಟಾತ್ರಿ? ಮಂದಿ ಮಕ್ಳು ಮುಂದಕ ಹೋಗ್ತಾವ, ನಮ್ಮದು ಹಿಂದಕ ಕೂಡೂದೇನು? ಬಿಸಿಎ ಮಾಡ್ಲಿ. ಕಂಪ್ಯೂಟರ್ ಏನ್ ಕೆಟ್ಟದ್ದಲ್ಲ.”

“ಮಾಂತೇಶಣ್ಣ, ನಾ ಅವತ್ತ ಹೇಳಿದ್ದು...”

“ನಿಮ್ಮದೇನ್ ತಪ್ಪೈತ್ರಿ ಸಾಬ್ರ? ನಾವು ಗಾಡಿ ವೇಳೆ ಕೇಳಿದ್ವಿ. ನೀವು ಖರೇನ ಹೇಳಿದ್ರಿ.”

ಅವನು ನನ್ನನ್ನು ತಪ್ಪಿನಿಂದ ಬಿಡಿಸಿದ್ದು ಹೀಗೆ. ಒಳಗೆ ನೇತ್ರಾ ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ಬಕೀಟಿನ ಸಪ್ಪಳ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಏಪ್ರಿಲಿನಲ್ಲಿ ಅವಳು ಪರೀಕ್ಷೆ ಬರೆದಳು. ಭೌತಶಾಸ್ತ್ರ, ರಸಾಯನ, ಗಣಿತ ಬರೆದ ಹಾಗೆಯೇ ಬಯಾಲಜಿಯನ್ನೂ ಬರೆದಳು. ಬೆಳಗಿನ ಗಾಡಿಯಲ್ಲಿ ಶುಭದಾಳ ನೋಟುಬುಕ್ಕು ತೊಡೆಯ ಮೇಲಿತ್ತು. “ಯಾಕ ಓದ್ತಿ ಇನ್ನ?” ಎಂದು ಅರ್ಜು ಕೇಳಬೇಕೆಂದಿದ್ದ. ನಾನು ಅವನಿಗೆ ಕಣ್ಣು ಬಿಟ್ಟೆ, ಅವನು ಗೇರು ಹಾಕಿದ.

ಫಲಿತಾಂಶ ಬಂದ ದಿನ ನಮ್ಮದೇ ವಸ್ತಿ. ನೇತ್ರಾ ಶೈಲಾಳ ಅಂಗಡಿಯಲ್ಲಿ ಹಾಳೆ ತೆಗೆಸಿಕೊಂಡು ಏಳರ ಗಾಡಿ ಹತ್ತಿದಳು. ದಾರಿಯುದ್ದಕ್ಕೂ ಅದನ್ನು ಮಡಚಿ ಕೈಯಲ್ಲೇ ಹಿಡಿದಿದ್ದಳು. ನಾನು ಕೇಳಲಿಲ್ಲ. ಬೇವೂರಿನಲ್ಲಿ ಇಳಿದಾಗ ಗುರುಲಿಂಗವ್ವ ಕಟ್ಟೆಯಿಂದ ಎದ್ದು ಬ್ಯಾಟರಿ ಹಚ್ಚಿದಳು. ಅವಳಿಗೆ ಯಾರೂ ಏನನ್ನೂ ಬಿಡಿಸಿ ಹೇಳಿರಲಿಲ್ಲ. ಹೇಗೆ ಹೇಳುವುದು ಎಂದು ಮಗ ತಿಳಿಯದೆ ಬಿಟ್ಟಿದ್ದ, ಮೊಮ್ಮಗಳು ಬೇಕೆಂದೇ ಬಿಟ್ಟಿದ್ದಳು.

“ಬಂತೇನ ಕಾಗದ? ತಮ್ಮಾ ಖಾಸೀಮ, ಓದಿ ಹೇಳಪಾ ನೀ. ಇಕಿನ್ನ ಕೇಳಿದ್ರ ಬರೇ ‘ಏನಿಲ್ಲ’ ಅಂತಾಳ.”

ನೇತ್ರಾ ಹಾಳೆಯನ್ನು ನನ್ನ ಕೈಗೆ ಕೊಟ್ಟಳು. ಮುದುಕಿ ಬ್ಯಾಟರಿಯ ಬೆಳಕು ಬಿಟ್ಟಳು. ಭೌತಶಾಸ್ತ್ರ, ಮೂವತ್ತೊಂದು. ರಸಾಯನಶಾಸ್ತ್ರ, ಮೂವತ್ನಾಲ್ಕು. ಗಣಿತ, ಇಪ್ಪತ್ತೆಂಟು. ಅದರ ಕೆಳಗೆ ಜೀವಶಾಸ್ತ್ರ, ಅರವತ್ತಕ್ಕೆ ಐವತ್ತೊಂದು.

ಮತ್ತೊಮ್ಮೆ ನೋಡಿದೆ. ಐವತ್ತೊಂದೇ.

“ದನದ ಡಾಕ್ಟರಕಿದು ಯಾವುದದರಾಗ?” ಎಂದಳು ಗುರುಲಿಂಗವ್ವ.

“ಕಡೇದ್ದು ಯವ್ವಾ. ಅರವತ್ತಕ್ಕ ಐವತ್ತೊಂದು.”

“ಪಾಸಾತು ಹೌದಲ್ಲ?”

ನೇತ್ರಾ ನನ್ನನ್ನೇ ನೋಡುತ್ತಿದ್ದಳು.

“ಪಾಸಾಗ್ಯಾಳ್ರಿ ಯವ್ವಾ” ಎಂದೆ.

ಮುದುಕಿ ಮೊಮ್ಮಗಳ ಮುಖ ಸವರಿ ಲಟಿಕೆ ಮುರಿದಳು. ಆಮೇಲೆ ನನ್ನ ಕಡೆ ತಿರುಗಿ, ಬಹಳ ದಿನ ವಿಚಾರ ಮಾಡಿ ಗಟ್ಟಿ ಮಾಡಿಟ್ಟ ಮಾತಿನ ಹಾಗೆ ಹೇಳಿದಳು.

“ಅವತ್ತ ಕತ್ತಲಿ ಅಂತ ನಾನ ಅಡ್ಡ ಬಂದಿದ್ದೆ ತಮ್ಮಾ. ಇನ್ನ ಬರಂಗಿಲ್ಲ. ಆ ಡಾಕ್ಟರ್ ಸಾಲಿ ಎಷ್ಟ ಹೊತ್ತಿಗಾದ್ರೂ ಬಿಡ್ಲಿ, ವಸ್ತಿ ಗಾಡಿಗಿ ಬರ್ಲಿ. ನಾ ಬ್ಯಾಟರಿ ಹಿಡಕೊಂಡ ಇಲ್ಲೇ ಕುಂತಿರ್ತೇನಿ.”

ಅರ್ಜು ಗಾಡಿಯನ್ನು ಹಿಂದೆ ತಿರುಗಿಸುತ್ತಿದ್ದ. ನಾನು ಹಾಳೆಯನ್ನು ಇದ್ದ ಮಡಿಕೆಗೇ ಮಡಚಿ ನೇತ್ರಾಳ ಕೈಗೆ ಕೊಟ್ಟು, ಅವನಿಗೆ ಸೀಟಿ ಊದಲು ಹೋದೆ.